ಸೊರಗಿದ ಆರ್ಕಿಡ್ ಮತ್ತೆ ಚಿಗುರೀತೇ?



ಈ ಸಲ ಮಲ್ಲಿಗೆ ಬಳ್ಳಿಯನ್ನು ಯಾವಾಗ ಕತ್ತರಿಸಬೇಕು ಅನ್ನುವುದನ್ನು ಬರೆಯೋಣ ಅಂತ ಕೂತಿದ್ದೆ. ಅಷ್ಟರಲ್ಲಿ ತುಮಕೂರು ಜಿಲ್ಲೆಯ ಸೋದರಿಯೊಬ್ಬರ ಕಾಗದ ಬಂತು. ಓದಿದ ಮೇಲೆ, ಮಲ್ಲಿಗೆ ಇನ್ನು ಹದಿನೈದು ದಿನ ಕಾಯಲಿ ಅನ್ನಿಸಿತು.

ಆಕೆಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ಅಮ್ಮನಿಗೆಂದು ಒಂದು ಆರ್ಕಿಡ್ ಕುಂಡ ತಂದುಕೊಟ್ಟಳಂತೆ. ಚಿಟ್ಟೆಯಂಥ ಬಿಳಿ ಹೂಗಳು, ನಡುವೆ ನೇರಳೆ ಬಣ್ಣ. ಎರಡು ತಿಂಗಳು ಬಾಡದೆ ನಿಂತಿತ್ತು, ಬೀದಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು. ಆಮೇಲೆ ಹೂಗಳು ಒಂದೊಂದಾಗಿ ಉದುರಿದವು. ಗಾಬರಿಯಾದ ಈ ತಾಯಿ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಇದಕ್ಕೂ ಒಂದು ಚೊಂಬು ನೀರು ಹಾಕತೊಡಗಿದರು. ಈಗ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದಿವೆಯಂತೆ. "ದೀಪಾವಳಿಗೆ ಮಗಳು ಬರುತ್ತಾಳೆ. ಫೋನಿನಲ್ಲಿ ಕೇಳಿದಾಗಲೆಲ್ಲ ಗಿಡ ಚೆನ್ನಾಗಿದೆ ಅಂತಲೇ ಹೇಳುತ್ತಾ ಬಂದಿದ್ದೇನೆ. ಇದನ್ನು ಎಸೆದು ಅಂಥದ್ದೇ ಇನ್ನೊಂದು ತಂದಿಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?" ಅಂತ ಕೇಳಿದ್ದಾರೆ.

ಸೋದರಿ, ಎಸೆಯಬೇಡಿ. ಇನ್ನೊಂದನ್ನು ತರಲೂ ಬೇಡಿ. ಈ ತಪ್ಪು ನೀವೊಬ್ಬರೇ ಮಾಡಿದ್ದಲ್ಲ. ನಮ್ಮ ಮನೆಗೆ ಬಂದ ಮೊದಲ ಆರ್ಕಿಡ್ಡನ್ನು ನಾನೂ ಹೀಗೇ ಕೊಂದಿದ್ದೇನೆ. ಅದು ನನ್ನ ನಾದಿನಿ ಕೊಟ್ಟ ಕುಂಡ. ಮೂರೇ ತಿಂಗಳಲ್ಲಿ ಕೊಳೆಯಿತು. ಕಸದ ಬುಟ್ಟಿಗೆ ಹಾಕಿ, ಅವಳು ಕೇಳಿದಾಗ "ಪಕ್ಕದವರು ಆಸೆಪಟ್ಟರು, ಕೊಟ್ಟುಬಿಟ್ಟೆ" ಅಂತ ಸುಳ್ಳು ಹೇಳಿದೆ. ಆದ್ದರಿಂದ ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು.

ಹೂ ಉದುರಿದ್ದು ಕಾಯಿಲೆಯಲ್ಲ

ಮೊದಲು ಒಂದು ಸಮಾಧಾನದ ಮಾತು. ಕುಂಡಗಳಲ್ಲಿ ಮಾರಲು ಬರುವ ಈ ಚಿಟ್ಟೆ ಹೂವಿನ ಆರ್ಕಿಡ್‌ನ ಹೆಸರು ಫೆಲನಾಪ್ಸಿಸ್. ಪತಂಗದ ಹಾಗಿರುವುದು ಎಂದೇ ಆ ಹೆಸರಿನ ಅರ್ಥ. 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞರು ಇಟ್ಟದ್ದು. ಇದರ ಹೂ ಎರಡು ಮೂರು ತಿಂಗಳು ಇದ್ದು ಉದುರುವುದು ಸಹಜ. ಬಾಣಂತಿಗೆ ವಿಶ್ರಾಂತಿ ಬೇಕಾದ ಹಾಗೆ, ಹೂ ಬಿಟ್ಟ ಗಿಡಕ್ಕೂ ವಿಶ್ರಾಂತಿ ಬೇಕು. ಎಲ್ಲಕ್ಕಿಂತ ಕೆಳಗಿನ ಒಂದು ಎಲೆ ಮಾತ್ರ ಹಳದಿಯಾಗಿ ಬಿದ್ದರೆ ಅದೂ ಮುದಿಯಾಗಿ ಬಿದ್ದದ್ದು, ಹೆದರಬೇಕಾಗಿಲ್ಲ. ಆದರೆ ಮೊಗ್ಗುಗಳು ಅರಳುವ ಮೊದಲೇ ಉದುರಿದರೆ ಜಾಗ ನೋಡಿ. ಫ್ಯಾನಿನ ಗಾಳಿ ನೇರವಾಗಿ ಬಡಿಯುತ್ತಿರಬಹುದು, ಅಥವಾ ಪಕ್ಕದಲ್ಲೇ ಮಾವು, ಬಾಳೆಹಣ್ಣಿನ ಬುಟ್ಟಿ ಇರಬಹುದು. ಮಾಗುವ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಮೊಗ್ಗನ್ನು ಉದುರಿಸುತ್ತದೆ.

ಹಾಗಾದರೆ ಎಲೆ ಸೊರಗಿದ್ದೇಕೆ? ಅದನ್ನು ತಿಳಿಯಬೇಕಾದರೆ ಈ ಗಿಡ ಕಾಡಿನಲ್ಲಿ ಹೇಗೆ ಬದುಕುತ್ತದೆ ಅಂತ ನೋಡಬೇಕು.

ಹಲಸಿನ ಮರದ ಸೀತಾಳೆ

ನನ್ನ ತವರು ತೀರ್ಥಹಳ್ಳಿಯ ಕಡೆ. ಮಲೆನಾಡಿನ ಸೋದರಿಯರಿಗೆ ಸೀತಾಳೆ ದಂಡೆ ಗೊತ್ತೇ ಇರುತ್ತದೆ. ನರಿಯ ಬಾಲದ ಹಾಗೆ ತಿಳಿ ನೇರಳೆ ಹೂವಿನ ಗೊಂಚಲು ಇಳಿಬಿಡುವ ಗಿಡ. ಸೀತಾದೇವಿ ವನವಾಸದಲ್ಲಿ ಮುಡಿದ ಹೂ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅದೂ ಒಂದು ಆರ್ಕಿಡ್ಡೇ. ಅಸ್ಸಾಮಿನಲ್ಲಿ ಬಿಹು ಹಬ್ಬದ ಕುಣಿತಕ್ಕೆ ಹೆಣ್ಣುಮಕ್ಕಳು ಮುಡಿಯುವ ಕೊಪೌ ಹೂ ಇದೇ. ಆ ರಾಜ್ಯದ ಹೂವೂ ಇದೇ.

ನಮ್ಮ ಹಿತ್ತಿಲ ಹಲಸಿನ ಮರದ ಕೊಂಬೆಗೆ ಅದು ಅಂಟಿಕೊಂಡಿತ್ತು. ಮಣ್ಣಿಲ್ಲ, ಗೊಬ್ಬರವಿಲ್ಲ, ನೀರು ಹಾಕಿದವರೂ ಇಲ್ಲ. ಬೇರುಗಳು ತೊಗಟೆಯ ಮೇಲೆ, ಗಾಳಿಯಲ್ಲಿ ಜೋತಾಡುತ್ತಿದ್ದವು. ಮಳೆ ಬಂದಾಗ ತೊಪ್ಪೆಯಾಗಿ ನೆನೆಯುತ್ತಿದ್ದವು, ಮಳೆ ನಿಂತ ಮೇಲೆ ಗಾಳಿಗೆ ಒಣಗುತ್ತಿದ್ದವು. ಅದು ಮರದ ರಸ ಹೀರುವ ಬಂದಳಿಕೆಯೂ ಅಲ್ಲ. ಮರ ಅದಕ್ಕೆ ಕೂರಲು ಜಾಗ ಕೊಟ್ಟಿತ್ತು, ಅಷ್ಟೆ.

ನಿಮ್ಮ ಮಗಳು ತಂದ ಗಿಡದ ಪೂರ್ವಿಕರೂ ಹೀಗೇ. ಫಿಲಿಪೈನ್ಸ್, ಇಂಡೋನೇಷ್ಯಾ ಕಡೆಯ ಬೆಚ್ಚಗಿನ ಕಾಡುಗಳಲ್ಲಿ ಮರಕ್ಕೆ ಅಂಟಿ ಬೆಳೆದವು. ಅದರ ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ. ನೀರು ಬಿದ್ದ ಕೂಡಲೇ ಅದು ಹೀರಿಕೊಳ್ಳುತ್ತದೆ, ಆಮೇಲೆ ಅದಕ್ಕೆ ಗಾಳಿ ಬೇಕು. ನಾವೇನು ಮಾಡುತ್ತೇವೆ? ಕುಂಡದಲ್ಲಿಟ್ಟು ದಿನಾ ನೀರು ಸುರಿಯುತ್ತೇವೆ. ಬೇರಿಗೆ ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ನೀರಿನ ನಡುವೆಯೇ ಕೂತು ಗಿಡ ಬಾಯಾರಿ ಸೊರಗುತ್ತದೆ. ಎಲೆ ಬಾಡಿದ್ದು ಕಂಡು ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಮನೆಯೊಳಗಿನ ಆರ್ಕಿಡ್ ಹೆಚ್ಚಾಗಿ ಸಾಯುವುದು ಹೀಗೆಯೇ. ಅತಿಯಾದರೆ ಅಮೃತವೂ ವಿಷ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಮೊದಲು ಬೇರು ನೋಡಿ

ನೀರು ಕಡಿಮೆಯಾದರೂ ಎಲೆ ಸುಕ್ಕಾಗುತ್ತದೆ, ಹೆಚ್ಚಾದರೂ ಸುಕ್ಕಾಗುತ್ತದೆ. ಎಲೆ ನೋಡಿ ನಿರ್ಧಾರ ಮಾಡಬೇಡಿ. ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಬರದಿದ್ದರೆ ಕುಂಡದ ಸಮೇತ ಹತ್ತು ನಿಮಿಷ ನೀರಿನಲ್ಲಿಟ್ಟು, ಮೆಲ್ಲಗೆ ಅಲುಗಾಡಿಸಿ ಬಿಡಿಸಿ.

ಒಳ್ಳೆಯ ಬೇರು ಒಣಗಿದಾಗ ಬೆಳ್ಳಿಯ ಬಣ್ಣ, ನೆಂದಾಗ ಹಸಿರು. ಒತ್ತಿದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಬಣ್ಣ. ಒತ್ತಿದರೆ ಹಿಸುಕಿದ ಹಾಗಾಗುತ್ತದೆ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ಬೇರೆಲ್ಲ ಗಟ್ಟಿಯಾಗಿದ್ದು ಪೂರ್ತಿ ಬಿಳಿಚಿಕೊಂಡಿದ್ದರೆ ಗಿಡಕ್ಕೆ ಬಾಯಾರಿಕೆಯೇ ಆಗಿದೆ, ನೀರು ಕೊಟ್ಟರೆ ಸಾಕು.

ಇನ್ನೊಂದು ಪರೀಕ್ಷೆ. ಎಲೆಗಳು ಹುಟ್ಟುವ ನಡುವಿನ ಸುಳಿ ಹಸಿರಾಗಿದೆಯೇ? ಬುಡ ಗಟ್ಟಿಯಾಗಿದೆಯೇ? ಹಾಗಿದ್ದರೆ ಒಂದೇ ಒಂದು ಬೇರು ಉಳಿದಿದ್ದರೂ ಆಸೆ ಇದೆ. ಈ ಗಿಡಕ್ಕೆ ಇರುವುದು ಒಂದೇ ಸುಳಿ. ಅದು ಕಪ್ಪಾಗಿ, ಬುಡವೂ ಮೆತ್ತಗಾಗಿದ್ದರೆ ಏನು ಮಾಡಿದರೂ ಉಳಿಯದು. ಸುಳಿ ಹೋಗಿ ಬುಡ ಮಾತ್ರ ಗಟ್ಟಿಯಾಗಿದ್ದರೆ, ಕೆಲವು ಸಲ ಪಕ್ಕದಿಂದ ಮರಿ ಏಳುವುದುಂಟು. ಕಾದು ನೋಡಬಹುದು.

ಚಿಕಿತ್ಸೆ ಹೀಗೆ

ಬೇಕಾಗುವ ಸಾಮಾನು: ಚೂಪಾದ ಕತ್ತರಿ, ಔಷಧಿ ಅಂಗಡಿಯ ಸ್ಪಿರಿಟ್, ಹತ್ತಿ, ಚಿಟಿಕೆ ಚಕ್ಕೆ ಪುಡಿ, ಮರದ ಇದ್ದಿಲು, ಕಾಯಿ ಸುಲಿದ ಒಣ ಸಿಪ್ಪೆ, ಹಂಚಿನ ಚೂರು, ಸುತ್ತ ತೂತಿರುವ ಸಣ್ಣ ಕುಂಡ.

ಕಾಯಿ ಸಿಪ್ಪೆಯನ್ನು ನಾಲ್ಕು ದಿನ ಮುಂಚೆಯೇ ಅಡಿಕೆ ಗಾತ್ರಕ್ಕೆ ತುಂಡು ಮಾಡಿ ನೀರಿನಲ್ಲಿ ನೆನೆಹಾಕಿ. ದಿನಾ ನೀರು ಬದಲಿಸಿ. ಮೊದಲು ಚಹಾದ ಬಣ್ಣದ ನೀರು ಬಿಡುತ್ತದೆ. ಅದರೊಂದಿಗೆ ಸಿಪ್ಪೆಯಲ್ಲಿರುವ ಉಪ್ಪಿನಂಶವೂ ಹೋಗಬೇಕು. ನೀರು ತಿಳಿಯಾದ ಮೇಲೆ ತೆಗೆದು ಹರಡಿ. ಇದ್ದಿಲನ್ನೂ ಅದೇ ಗಾತ್ರಕ್ಕೆ ಒಡೆದು, ಪುಡಿ ಹೋಗುವಂತೆ ತೊಳೆಯಿರಿ.

ಈಗ ಗಿಡದ ಹಳೆಯ ಪಾಚಿ, ತೊಗಟೆಯ ಚೂರುಗಳನ್ನೆಲ್ಲ ಬಿಡಿಸಿ, ಬೇರನ್ನು ನಲ್ಲಿಯ ಕೆಳಗೆ ಮೆಲ್ಲಗೆ ತೊಳೆಯಿರಿ. ಅಂಗಡಿಯ ಗಿಡಗಳಲ್ಲಿ ಬುಡದ ನಡುವೆ ಪಾಚಿಯ ಒಂದು ಮುದ್ದೆ ಅಡಗಿರುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುವುದು ಅದೇ. ಅದನ್ನು ಮರೆಯದೆ ತೆಗೆಯಿರಿ.

ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೊಳೆತ ಬೇರನ್ನೆಲ್ಲ ಕತ್ತರಿಸಿ. ದಾಕ್ಷಿಣ್ಯ ಬೇಡ, ಕೊಳೆತದ್ದು ಉಳಿದರೆ ಒಳ್ಳೆಯದಕ್ಕೂ ಹಬ್ಬುತ್ತದೆ. ಗಟ್ಟಿಯಾಗಿರುವುದನ್ನು ಮಾತ್ರ ಮುಟ್ಟಬೇಡಿ. ಕತ್ತರಿಸಿದ ತುದಿಗೆ ಚಕ್ಕೆ ಪುಡಿ ಸವರಿ, ಬೂಷ್ಟು ಬರದ ಹಾಗೆ ತಡೆಯುತ್ತದೆ. ಒಳ್ಳೆಯ ಬೇರಿಗೆ ಅದು ತಾಗದಿರಲಿ, ಬೇರನ್ನು ಒಣಗಿಸಿಬಿಡುತ್ತದೆ. ಹೂವಿನ ದಂಟು ಇನ್ನೂ ಹಸಿರಾಗಿದ್ದರೂ ಬುಡದಿಂದ ಒಂದು ಅಂಗುಲ ಬಿಟ್ಟು ಕತ್ತರಿಸಿ. ಕಾಯಿಲೆಯ ಗಿಡಕ್ಕೆ ಹೂವಿನ ಭಾರ ಬೇಡ. ಆಮೇಲೆ ನೆರಳಿನಲ್ಲಿ ಅರ್ಧ ದಿನ ಹಾಗೇ ಇಟ್ಟು ಗಾಯ ಒಣಗಲು ಬಿಡಿ.

ಕುಂಡ ದೊಡ್ಡದಾದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ಉಳಿದ ಬೇರು ಹಿಡಿಸುವಷ್ಟಿದ್ದರೆ ಸಾಕು. ತಳಕ್ಕೆ ಹಂಚಿನ ಚೂರು, ಮೇಲೆ ಇದ್ದಿಲು ಮತ್ತು ಸಿಪ್ಪೆ ಸಮಸಮ ಬೆರೆಸಿ ಹಾಕಿ. ಎಲೆಯ ಬುಡ ಮೇಲೆಯೇ ಇರಲಿ, ಹೂತುಹೋಗಬಾರದು. ಬೇರು ಕಡಿಮೆಯಿದ್ದರೆ ಗಿಡ ಅಲ್ಲಾಡುತ್ತದೆ. ಒಂದು ಕಡ್ಡಿಗೆ ಹಳೆಯ ಬಟ್ಟೆಯ ದಾರದಿಂದ ಸಡಿಲವಾಗಿ ಕಟ್ಟಿ. ಮಣ್ಣು, ಸಗಣಿ ಗೊಬ್ಬರ, ಕೋಕೋಪೀಟ್ ಅಂತ ಮಾರುವ ತೆಂಗಿನ ನಾರಿನ ಪುಡಿ ಯಾವುದೂ ಬೇಡ. ಇವೆಲ್ಲ ನೀರು ಹಿಡಿದಿಟ್ಟು ಗಾಳಿ ತಡೆಯುತ್ತವೆ. ತೂತಿಲ್ಲದ ಚಂದದ ಪಿಂಗಾಣಿ ಕುಂಡದೊಳಗೆ ಇಡುವುದಾದರೆ, ಅದರ ತಳದಲ್ಲಿ ನೀರು ನಿಂತಿದೆಯೇ ಅಂತ ಪ್ರತಿಸಲವೂ ನೋಡಿ ಚೆಲ್ಲಿ.

ನೀರು ಯಾವಾಗ, ಎಷ್ಟು?

ಕುಂಡ ಬದಲಿಸಿದ ಮೇಲೆ ಮೂರು ದಿನ ನೀರು ಬೇಡ. ಆಮೇಲೆ ವಾರಕ್ಕೆ ಎಷ್ಟು ಸಲ ಅಂತ ಕ್ಯಾಲೆಂಡರ್ ನೋಡಿ ಹಾಕಬೇಡಿ. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದೆಯೇ, ಕುಂಡ ಎತ್ತಿದರೆ ಹಗುರವಾಗಿದೆಯೇ ನೋಡಿ. ಅನುಮಾನವಿದ್ದರೆ ಒಂದು ಒಣ ಬಿದಿರು ಕಡ್ಡಿ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕೇಕ್ ಬೆಂದಿದೆಯೇ ಅಂತ ನೋಡುವ ಹಾಗೇ. ಕಡ್ಡಿ ಒದ್ದೆಯಾಗಿದ್ದರೆ ಇನ್ನೂ ನೀರು ಬೇಡ. ಬಯಲುಸೀಮೆಯ ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಬೇಕಾಗಬಹುದು, ಕರಾವಳಿಯ ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಸಾಕಾಗಬಹುದು.

ಹಾಕುವಾಗ ಬೆಳಿಗ್ಗೆ ಹೊತ್ತು ಹಾಕಿ. ಒಂದು ಬೋಗುಣಿ ನೀರಿನಲ್ಲಿ ಕುಂಡವನ್ನು ಹತ್ತು ನಿಮಿಷ ಇಟ್ಟು ತೆಗೆದು, ಅನ್ನ ಬಸಿದ ಹಾಗೆ ಪೂರ್ತಿ ಬಸಿಯಲು ಬಿಡಿ. ಸುಳಿಯಲ್ಲಿ ನೀರು ನಿಲ್ಲಬಾರದು, ನಿಂತರೆ ಹತ್ತಿಯಿಂದ ಒರೆಸಿ ತೆಗೆಯಿರಿ. ರಾತ್ರಿಯೆಲ್ಲ ಅಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಇದ್ದಿಲು, ಬೇರುಗಳ ಮೇಲೆ ಬಿಳಿ ಪದರ ಕಟ್ಟುತ್ತದೆ. ಮಳೆ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಬರ್ಫದ ತುಂಡು ಇಡಿ ಅಂತ ಕೆಲವರು ಹೇಳುತ್ತಾರೆ. ಬೆಚ್ಚಗಿನ ಕಾಡಿನ ಗಿಡಕ್ಕೆ ಅದೇಕೆ?

ಬೆಳಕು ಬೇಕು, ಸುಡುವ ಬಿಸಿಲು ಬೇಡ. ಪೂರ್ವದ ಕಿಟಕಿ ಬಹಳ ಒಳ್ಳೆಯದು. ಮಧ್ಯಾಹ್ನ ಗಿಡದ ಮೇಲೆ ಕೈ ಹಿಡಿದರೆ ಮಸುಕಾದ ನೆರಳು ಬೀಳಬೇಕು. ನೆರಳೇ ಬೀಳದಿದ್ದರೆ ಬೆಳಕು ಸಾಲದು, ಕಪ್ಪಗೆ ಗೆರೆ ಕೊರೆದಂತೆ ಬಿದ್ದರೆ ಬಿಸಿಲು ಹೆಚ್ಚು, ತೆಳು ಪರದೆ ಕಟ್ಟಿ. ಎಲೆ ತೀರ ಕಡು ಹಸಿರಾಗಿದ್ದರೆ ಬೆಳಕಿನ ಕೊರತೆ. ಹಳದಿ ತಿರುಗಿ, ಸುಟ್ಟ ಕಲೆ ಬಿದ್ದರೆ ಬಿಸಿಲಿನ ಹೊಡೆತ.

ಬೇರೇ ಉಳಿಯದಿದ್ದರೆ

ಕೆಲವು ಗಿಡಗಳಲ್ಲಿ ಒಂದು ಬೇರೂ ಉಳಿದಿರುವುದಿಲ್ಲ. ಆಗ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ನೆನೆಸಿ ಚೆನ್ನಾಗಿ ಹಿಂಡಿದ ಪಾಚಿ ಹಾಕಿ, ಅದರ ಮೇಲೆ ಒಂದು ಜರಡಿಯನ್ನೋ ಸಣ್ಣ ಬಟ್ಟಲನ್ನೋ ಬೋರಲಿಟ್ಟು ಗಿಡ ಕೂರಿಸಿ. ಬುಡ ಒದ್ದೆಗೆ ತಾಗಬಾರದು, ತೇವದ ಗಾಳಿ ಮಾತ್ರ ಸಿಗಬೇಕು. ಮುಚ್ಚಳ ಸಡಿಲವಾಗಿ ಮುಚ್ಚಿ, ಬೆಳಕಿರುವ, ಬಿಸಿಲು ಬೀಳದ ಜಾಗದಲ್ಲಿಡಿ. ದಿನಾ ಸ್ವಲ್ಪ ಹೊತ್ತು ಮುಚ್ಚಳ ತೆರೆದು ಗಾಳಿಯಾಡಿಸಿ, ಬೂಷ್ಟು ಕಂಡರೆ ಸ್ಪಿರಿಟ್ ಹತ್ತಿಯಿಂದ ಒರೆಸಿ. ಮೂರು ನಾಲ್ಕು ತಿಂಗಳು, ಕೆಲವು ಸಲ ಆರು ತಿಂಗಳೂ ಬೇಕು. ಹೊಸ ಬೇರು ಎರಡು ಅಂಗುಲ ಬೆಳೆದ ಮೇಲೆ ಕುಂಡಕ್ಕೆ ಬದಲಿಸಿ.

ಎಲೆಯ ಸಂದಿನಲ್ಲಿ ಹತ್ತಿಯಂಥ ಬಿಳಿ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ. ಅಲ್ಲಿಯವರೆಗೆ ಬೇರೆ ಗಿಡಗಳಿಂದ ದೂರವಿಡಿ.

ಗೊಬ್ಬರದ ಆತುರ ಬೇಡ

ಜ್ವರ ಬಂದವರಿಗೆ ಹೋಳಿಗೆ ಊಟ ಹಾಕುತ್ತೇವೆಯೇ? ಗಂಜಿಯೇ ತಾನೇ? ಹೊಸ ಬೇರಿನ ಹಸಿರು ತುದಿಯೋ, ಹೊಸ ಎಲೆಯೋ ಕಾಣುವವರೆಗೆ ಗೊಬ್ಬರ ಬೇಡವೇ ಬೇಡ. ಕಂಡ ಮೇಲೆ, ಗೊಬ್ಬರದ ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗುವ 19:19:19 ಪುಡಿಯನ್ನು ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕೊಡಿ. ಮೊದಲು ಬರಿ ನೀರಿನಲ್ಲಿ ಬೇರು ನೆನೆದಿರಬೇಕು. ಗುಲಾಬಿಗೆ ಹಾಕುವ ಹಾಗೆ ಚಹಾದ ಚರಟ, ಅಕ್ಕಿ ತೊಳೆದ ನೀರು ಹಾಕಬೇಡಿ. ಇರುವೆ, ಬೂಷ್ಟುಗಳಿಗೆ ಔತಣವಾಗುತ್ತದೆ.

ಒಂದು ಎಚ್ಚರಿಕೆ. ಕಬ್ಬಿನ ಜಲ್ಲೆಯ ಹಾಗೆ ದಂಟು ದಂಟಾಗಿ ಬೆಳೆಯುವ ಡೆಂಡ್ರೋಬಿಯಂ ಎಂಬ ಇನ್ನೊಂದು ಆರ್ಕಿಡ್ ಕೂಡ ನರ್ಸರಿಗಳಲ್ಲಿ ಸಿಗುತ್ತದೆ. ಅದರ ಹಳೆಯ ದಂಟಿನಲ್ಲಿ ಎಲೆ ಇಲ್ಲದಿದ್ದರೂ, ದಂಟು ಗಟ್ಟಿಯಾಗಿದ್ದರೆ ಕತ್ತರಿಸಬೇಡಿ. ಹೊಸ ಚಿಗುರಿಗೆ ಅದೇ ಕಣಜ.

ಎಷ್ಟು ದಿನ ಕಾಯಬೇಕು?

ನಾನು ಬದುಕಿಸಿದ ಗಿಡದ ಕಥೆ ಹೇಳಿಬಿಡುತ್ತೇನೆ. ನಾದಿನಿ ಕೊಟ್ಟದ್ದು ಹೋದ ಮೇಲೆ ಆರ್ಕಿಡ್ಡಿನ ಸಹವಾಸವೇ ಬೇಡ ಅಂದುಕೊಂಡಿದ್ದೆ. ಒಂದು ಆಷಾಢದಲ್ಲಿ ಎದುರು ಮನೆಯವರು ಬಾಡಿದ ಕುಂಡವನ್ನು ಕಸದವರಿಗೆ ಕೊಡಲು ಹೊರಗಿಟ್ಟಿದ್ದರು. ಕೇಳಿ ತಂದೆ. ಬಿಡಿಸಿ ನೋಡಿದರೆ ಎರಡೇ ಬೇರು, ಮೂರು ಎಲೆ. ಮೇಲೆ ಹೇಳಿದ್ದನ್ನೆಲ್ಲ ಮಾಡಿ ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿಟ್ಟೆ. ಶ್ರಾವಣ, ಭಾದ್ರಪದ ಕಳೆದರೂ ಏನೂ ಆಗಲಿಲ್ಲ. ಒಂದು ಎಲೆ ಬೇರೆ ಬಿದ್ದುಹೋಯಿತು. ನೀರು ಹಾಕಲೇ ಅಂತ ಕೈ ದಿನಾ ಚೊಂಬಿನ ಕಡೆ ಹೋಗುತ್ತಿತ್ತು, ತಡೆದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಕಾಫಿಗೆ ಹಾಲು ಕಾಯಿಸುತ್ತಾ ನೋಡುತ್ತೇನೆ, ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ತುದಿ! ಯುಗಾದಿಯ ಹೊತ್ತಿಗೆ ಹೊಸ ಎಲೆ. ಹೂವಿನ ದಂಟು ಬಂದದ್ದು ಅದರ ಮುಂದಿನ ಚಳಿಗಾಲದಲ್ಲಿ, ರಾತ್ರಿಗಳು ತಣ್ಣಗಾದ ಮೇಲೆ. ಕೆಲವು ವಾರ ಇಂಥ ತಂಪು ರಾತ್ರಿ ಸಿಕ್ಕರೆ ಈ ಗಿಡ ಹೂವಿಗೆ ಮನಸ್ಸು ಮಾಡುತ್ತದೆ. ಶಿವರಾತ್ರಿಗೆ ಐದು ಹೂ ಅರಳಿದವು. ಅಂದರೆ ಲೆಕ್ಕ ಹಾಕಿ, ಹೆಚ್ಚುಕಡಿಮೆ ಇಪ್ಪತ್ತು ತಿಂಗಳು.

ಆ ಹೂ ನೋಡಲು ನಾದಿನಿಯನ್ನು ಕರೆದೆ. ಅವಳ ಮುಂದೆ ನಿಂತಾಗ ಹಳೆಯ ಸುಳ್ಳು ಗಂಟಲಲ್ಲಿ ಸಿಕ್ಕಿಕೊಂಡಿತು, ಇದ್ದದ್ದನ್ನು ಹೇಳಿಬಿಟ್ಟೆ. ಅವಳು ನಕ್ಕು, "ಅತ್ತಿಗೆ, ನೀವು ಕೊಂದದ್ದು ಒಂದು ತಾನೇ? ನಮ್ಮನೇಲಿ ಎರಡು ಹೋಗಿವೆ. ನಿಮಗೆ ಹೇಗೆ ಹೇಳಲಿ ಅಂತ ನಾನೂ ಸುಮ್ಮನಿದ್ದೆ" ಅಂದಳು. ಇಷ್ಟಕ್ಕೆ ಅಷ್ಟು ವರ್ಷ ಅವಳ ಕಣ್ಣು ತಪ್ಪಿಸಿಕೊಂಡು ಓಡಾಡಿದ್ದೆನಲ್ಲ ಅನ್ನಿಸಿತು.

ಆದ್ದರಿಂದ ತುಮಕೂರು ಕಡೆಯ ಸೋದರಿ, ದೀಪಾವಳಿಗೆ ನಿಮ್ಮ ಗಿಡ ಹೂ ಬಿಡಲಾರದು. ಹೊಸ ಬೇರು ಬಂದರೂ ಅದೃಷ್ಟ. ಬದುಕಿಯೇ ಬದುಕುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಸುಳಿ ಹಸಿರಾಗಿದ್ದರೆ ಈ ವಾರವೇ ಕತ್ತರಿ ಹಿಡಿಯಿರಿ. ಅದಕ್ಕೂ ಮೊದಲು ಮಗಳಿಗೆ ಫೋನ್ ಮಾಡಿ, "ನೀನು ಕೊಟ್ಟ ಗಿಡಕ್ಕೆ ಹುಷಾರಿಲ್ಲ ಕಣೇ, ಆರೈಕೆ ಮಾಡ್ತಾ ಇದ್ದೀನಿ" ಅಂತ ಹೇಳಿಬಿಡಿ. ಅಂಗಡಿಯಿಂದ ತಂದಿಟ್ಟ ಹೊಸ ಹೂವಿಗಿಂತ, ಅಮ್ಮ ಕಾಪಾಡಿಕೊಂಡ ಎರಡು ಎಲೆ ಅವಳಿಗೆ ಹೆಚ್ಚು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಹಬ್ಬಕ್ಕೆ ಬಂದಾಗ ಇಬ್ಬರೂ ಕೂತು ಬೇರು ನೋಡಿ.

ಹೊಸ ತುದಿ ಕಂಡ ದಿನ ನನಗೊಂದು ಕಾರ್ಡು ಬರೆಯಿರಿ. ಕಾಣದಿದ್ದರೂ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಮಲ್ಲಿಗೆಯ ಸರದಿ.